ಮೊದಲ ಬೋರಲ ಹಾಕು

ಖುರ್ಚಿ ಬಂತಂದ್ರ ಕೂಡಬ್ಯಾಡ, ಮೊದಲ ಬೋರಲ ಹಾಕು,
ಅಂತಿದ್ದ ಇನಾಸ ಮೇಸ್ತ್ರಿ.
ಮಾರಿಗೆ ಯಾರ ಬೇಕಾದ್ರೂ ಪಾಲಿಶ್ ಹಚ್ಚತಾರ,
ಹೊಟ್ಟಿಗೆ ಸುಳ್ಳ ಹೇಳಾಕ ಬರೂದಿಲ್ಲ.

ಬೆಳಗಾವಿ ಕ್ಯಾಂಪಿನಾಗ, ಹೈ ಸ್ಟ್ರೀಟಿನ ಹಿಂದ,
ಬೇಕರಿ ಹೊಗಿ ಬಡಿಯೂ ಗ್ವಾಡಿಗೆ ಆತ ನಿಂತ ತಗಡಿನ ಶೆಡ್ಡು;
ಅಲ್ಲೇ ಹನ್ನೊಂದ ವರ್ಷ ಬೆತ್ತ ನೇಯ್ದೇನಿ
ಅನಗೋಳದಿಂದ ಸೈಕಲ್ ಮ್ಯಾಲ ಬಂದು,
ಬಡಿಗೇರ ಮನಿ ಹುಡಿಗಿ ಉಳಿ ಹಿಡಿಯೂದೇನ ಅಂತ
ಓಣಿ ಮಂದಿ ಕೇಳಿ ಕೇಳಿ ಬ್ಯಾಸರಾಗೂತನಕ.

ಇವತ್ತ ಪಣಜಿಯಿಂದ ನಾರ್ವೇಕರ ಬಂದಾನ.
ಟೆಂಪೋದಾಗ ಗೋಣಿಚೀಲ ಸುತ್ತಿದ ತೋಳಿನ ಖುರ್ಚಿ.
"ಹದಿನೆಂಟನೂರಾ ಐವತ್ತು ಅಂತ ಬರದ ಕೊಡ್ರಿ ಬಾಯಿ,
ಹೋಟೆಲ್ಲಿನವರು ಕಾಗದ ಕೇಳತಾರ."

ಬೋರಲ ಹಾಕಿದೆ.
ಸಾಗವಾನಿ. ಉಗುರಿಲೆ ಕೆರದರ ಇನ್ನೂ ಎಣ್ಣಿ ವಾಸನಿ.
ಪಟ್ಟಿ ಒಳಗ ಗರಗಸದ ಗೀರು, ನೆಟ್ಟಗ, ಒಂದಕ್ಕೊಂದು ಹೊಂದಿಲ್ಲ;
ಯಂತ್ರದ್ದಾಗಿದ್ರ ಒಡದ ಬಳಿಚೂರಿನ್ಹಂಗ ಬಾಗತಿದ್ದುವು.
ಇದು ಇಬ್ಬರು ಎಳದದ್ದು, ಒಬ್ಬ ಮ್ಯಾಲ, ಒಬ್ಬ ಕುಣಿಯಾಗ.
ಕುಣಿಯಾಗಿನವನ ಕಣ್ಣಾಗ ಬಿದ್ದ ಪುಡಿ
ಯಾವ ಮಾಪಿನಾಗೂ ಸಿಗೂದಿಲ್ಲ.

ಒಂದ ಸ್ಕ್ರೂ ಬಿಚ್ಚಿದೆ: ಮೊಂಡ ತುದಿ, ತಲಿಯ ಗೀರು ನಡುವ ಇಲ್ಲ,
ಕೈಲೇ ಅರದಾರ. ನಾರ್ವೇಕರ ನಕ್ಕ.
ಇನ್ನೊಂದ ಬಿಚ್ಚಿದೆ: ಚೂಪ ತುದಿ. ನಗಿ ಅರ್ಧಕ್ಕ ನಿಂತಿತು.
ಎರಡಕ್ಕೂ ತುಕ್ಕು ಒಂದ ವಾರಿಗಿದು.
ಹಳೇ ಡಬ್ಬಿಯಾಗ ಉಳದದ್ದನ್ನೂ ಬಡಿಗ್ಯಾ ದಂಡ ಮಾಡೂದಿಲ್ಲಲ್ಲ.
ಎತ್ತಿನ ವಯಸ್ಸ ಹೇಳೂದು ಕಡೀಕ ಮೂಡಿದ ಹಲ್ಲು, ಅಂತಿದ್ದ ಇನಾಸ.

ಮುಂಗಾಲಿಗೆ ಅಳತಿ ಹಿಡದೆ.
ಚರಕಿ ಮ್ಯಾಲ ದುಂಡಗ ತಿರುವಿದ ಕಾಲು, ಒಂದ ಬದಿಗೆ ಅರ್ಧ ಸೂತ ಸೊರಗೇತಿ.
ಕಟ್ಟಿಗಿ ಒಣಗೂದು ಅಡ್ಡಕ್ಕ, ಉದ್ದಕ್ಕಲ್ಲ;
ನೂರ ಬ್ಯಾಸಗಿ ಉಂಡ ಕಾಲು ದುಂಡಗ ಇರಾಕ ಒಲ್ಲದು.
ಆಮ್ಯಾಲ ಮೂರು ಹುಳದ ತೂತು. ತಂತಿ ಹಾಕಿದೆ, ನೆಟ್ಟಗ ಹೋತು.
"ಹುಳ ಹಿಂಗ ಹೋಗೂದಿಲ್ಲರಿ, ಡ್ರಿಲ್ ಹೋಗತೈತಿ."
ನಾರ್ವೇಕರ ಶೆಡ್ಡಿನ ತಗಡ ನೋಡಕೋತ ನಿಂತ.

ಹಿಂದಿನ ಪಟ್ಟಿಗೆ ಕಾಸಿ ಒತ್ತಿದ ಬಾಣದ ಮುದ್ರಿ. ಪಲ್ಟಣದ ಮಾಲು.
ಅಂಕಿ ಅಳಸ್ಯಾವು: ಏಳು. ಅದರ ಮುಂದ ಮೂರೋ, ಎಂಟೋ.

ಎತ್ತಿ ನಿಲ್ಲಿಸಿದೆ. ಆವಾಗ ಕಂಡಿತು.
ಬೆನ್ನಪಟ್ಟಿಯ ಹಿಂದ, ಬಲಕ್ಕ, ನಾಕು ತಗ್ಗು,
ತವಿಯಾಗ ಬೆರಳೂರಿ ತಟ್ಟಿದ ರೊಟ್ಟಿಯ ಮ್ಯಾಲ ಇರತಾವಲ್ಲ, ಹಂಗ.
ಕುಂತವನ ಬೆನ್ನು ಸವಸಿದ್ದಲ್ಲ ಇದು,
ಬೆನ್ನಿಗೆ ಬೆರಳಿರೂದಿಲ್ಲ.
ನನ್ನ ಕೈ ಇಟ್ಟ ನೋಡಿದೆ. ಕೂಡಲಿಲ್ಲ.
ಸಣ್ಣ ಕೈ.

ನೊಣ ಹೊಡಿಯಾಕೋ, ಕರದಾಗ ಓಡಾಕೋ,
ಏನಕ್ಕ ನಿಂತಿತ್ತೋ ಸಾಹೇಬನ ಹಿಂದ.
ಎಷ್ಟ ಮಧ್ಯಾಹ್ನ ನಿಂತರ ಸಾಗವಾನಿ ಇಷ್ಟ ಸವೀತೈತಿ
ಅನ್ನೂ ಲೆಕ್ಕ ಇನಾಸ ನನಗ ಕಲಸಲಿಲ್ಲ.
ಆ ಕೈ ಬೆಳೀಲಿಲ್ಲೋ,
ಬೆಳಧಂಗ ಬೆಳಧಂಗ ಕೈಗಳನ್ನ ಬದಲಿ ಮಾಡಿದರೋ.

"ಅದನ್ನ ಉಜ್ಜಿ ಸಪಾಟ ಮಾಡ್ರಿ," ಅಂದ ನಾರ್ವೇಕರ,
"ಡ್ಯಾಮೇಜ್ ಕಾಣತೈತಿ."

ಕಾಗದ ತಗೊಂಡ ಬರದೆ:
ಸಾಗವಾನಿ. ಹದಿನೆಂಟನೂರಾ ಎಪ್ಪತ್ಮೂರು, ಇಲ್ಲಾ ಎಪ್ಪತ್ತೆಂಟು.
ಮೂರು ತೂತು ಸುಳ್ಳು.
ಬೆನ್ನ ಹಿಂದಿನ ಸವಕಲು ಮೂಲದ್ದು. ಯಾರೂ ಉಜ್ಜಬಾರದು.
ಅಂವ ಎರಡ ಸಲ ಓದಿ, ಅರ್ಧ ರೊಕ್ಕ ಕೊಟ್ಟು,
ಖುರ್ಚಿ ಟೆಂಪೋಕ ಏರಿಸಿದ, ಕಾಲ ಮ್ಯಾಲ ಮಾಡಿ.

ಬೆತ್ತದ ಸಿಂಬಿ ನೀರಾಗ ನೆನಿಯಾಕ ಇಟ್ಟು
ನನ್ನ ಸ್ಟೂಲಿನ ಮ್ಯಾಲ ಕುಂತೆ.
ಇದರ ವಯಸ್ಸ ಕೇಳಿದ್ರ ಬೋರಲ ಹಾಕೂದ ಬ್ಯಾಡ:
ಹ್ವಾದ ದೀಪಾವಳಿ ಮುಂದ, ಇನಾಸ ಆಸ್ಪತ್ರಿಗೆ ಹೋಗೂ ಹಿಂದಿನ ದಿನ.
ನಾಕು ಮೊಳಿ.
ಒಂದ ಸೊಟ್ಟ ಹೋಗೇತಿ.